ಬಯೋಸ್, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಕೈಕೊಟ್ಟಾಗ: ಅಸೆಂಬಲ್ಡ್ ಡೆಸ್ಕ್‌ಟಾಪ್‌ಗೆ ಒಂದು ಮಾರ್ಗದರ್ಶಿ

ಬಯೋಸ್ ಎಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುವ ತಂತ್ರಾಂಶ; ಗ್ರಾಫಿಕ್ಸ್ ಡ್ರೈವರ್ ಎಂದರೆ ವಿಂಡೋಸ್ ಗ್ರಾಫಿಕ್ಸ್ ಕಾರ್ಡನ್ನು ನಡೆಸಲು ಬಳಸುವ ತಂತ್ರಾಂಶ. ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡ್ ಒಂದು ಕಂಪನಿಯದು, ಗ್ರಾಫಿಕ್ಸ್ ಕಾರ್ಡ್ ಮತ್ತೊಂದರದು, ರ‍್ಯಾಮ್ ಇನ್ನೊಂದರದು. ನಿಮ್ಮ ಮೇಜಿನ ಮೇಲಿರುವ ಇದೇ ಜೋಡಣೆಯನ್ನು ಯಾವ ಕಂಪನಿಯೂ ಪರೀಕ್ಷೆ ಮಾಡಿ ಕೊಟ್ಟಿರುವುದಿಲ್ಲ. ಅದಕ್ಕೇ ಬಯೋಸ್ ಅಪ್‌ಡೇಟ್‌ನಿಂದ ಬಂದ ತೊಂದರೆ ಗ್ರಾಫಿಕ್ಸ್ ಡ್ರೈವರಿನ ತೊಂದರೆಯಂತೆ ಕಾಣುತ್ತದೆ. ಡ್ರೈವರಿನ ತೊಂದರೆ ಕಾರ್ಡೇ ಸುಟ್ಟುಹೋದಂತೆ ಕಾಣುತ್ತದೆ. ಎರಡನ್ನೂ ಒಂದೇ ಸಂಜೆ ಬದಲಿಸಿದರೆ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದಕ್ಕೂ ಮೊದಲು ಹಿಂದಿನ ಸ್ಥಿತಿಗೆ ಮರಳುವ ದಾರಿ ಸಿದ್ಧವಾಗಿರಲಿ.

ಎರಡೂ ಬೇಕಿದ್ದರೆ ಕ್ರಮ ಹೀಗಿರಲಿ: ಮೊದಲು ಬಯೋಸ್, ನಂತರ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್) ಡ್ರೈವರ್, ಕೊನೆಗೆ ಗ್ರಾಫಿಕ್ಸ್ ಡ್ರೈವರ್. ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಪಿಸಿಐಇ ಲೇನ್ (ದತ್ತಾಂಶ ಸಾಗುವ ದಾರಿ) ಸಿಗಬೇಕು, ಅದರ ಮೆಮೊರಿಗೆ ಯಾವ ವಿಳಾಸ ಕೊಡಬೇಕು ಎಂಬುದನ್ನು ವಿಂಡೋಸ್ ಏಳುವ ಮೊದಲೇ ಬಯೋಸ್ ನಿರ್ಧರಿಸಿರುತ್ತದೆ. ಡ್ರೈವರ್ ಆ ನೆಲದ ಮೇಲೆ ಬಂದು ನಿಲ್ಲುತ್ತದೆ. ಒಂದೊಂದು ಹೆಜ್ಜೆಯ ನಡುವೆ ಒಂದು ದಿನವಾದರೂ ಎಂದಿನ ಕೆಲಸ ಮಾಡಿ ನೋಡಿ.

ಬಯೋಸ್ ಮುಟ್ಟುವ ಅಗತ್ಯ ಇದೆಯೇ?

ಗ್ರಾಫಿಕ್ಸ್ ಡ್ರೈವರ್ ಹಳತಾದರೆ ಹೊಸ ಆಟಗಳು ತೊಂದರೆ ಕೊಡುತ್ತವೆ, ಅದನ್ನು ಆಗಾಗ ಬದಲಿಸುವುದು ಸಹಜ. ಬಯೋಸ್ ಹಾಗಲ್ಲ. ಹೊಸ ಪ್ರೊಸೆಸರ್ ಹಾಕಬೇಕು, ರ‍್ಯಾಮ್ ತನ್ನ ವೇಗದಲ್ಲಿ ನಿಲ್ಲುತ್ತಿಲ್ಲ, ಭದ್ರತಾ ದೋಷಕ್ಕೆ ತಿದ್ದುಪಡಿ ಬಂದಿದೆ, ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ನೋಡುವ) ಸೌಲಭ್ಯ ಬೇಕು: ಇಂಥ ಸ್ಪಷ್ಟ ಕಾರಣ ಇದ್ದಾಗ ಮಾತ್ರ ಮಾಡಿ. ಬೀಟಾ ಎಂದು ಗುರುತು ಹಾಕಿದ ಆವೃತ್ತಿಯನ್ನು, ಅದು ನಿಮ್ಮ ತೊಂದರೆಯ ಹೆಸರನ್ನೇ ಹೇಳಿ ಪರಿಹಾರ ಕೊಡದಿದ್ದರೆ, ಬಿಟ್ಟುಬಿಡಿ.

ಕೆಲವರು ಮಾತ್ರ ತಡಮಾಡಬಾರದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಅದರಲ್ಲೂ ಐ7, ಐ9 ದರ್ಜೆಯವು, ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಬೇಡಿ ನಿಧಾನವಾಗಿ ಶಿಥಿಲವಾಗುವ ದೋಷ 2024ರಲ್ಲಿ ಬಯಲಾಯಿತು. ಪರಿಹಾರವಾಗಿ ಬಂದ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ನಡವಳಿಕೆ ತಿದ್ದುವ ಸೂಚನೆಗಳು) 0ಎಕ್ಸ್129 ಆ ವರ್ಷದ ಆಗಸ್ಟ್‌ನಲ್ಲಿ, 0ಎಕ್ಸ್12ಬಿ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದವು. 2025ರಲ್ಲಿ 0ಎಕ್ಸ್12ಎಫ್ ಕೂಡ ಬಂತು. ಇವು ತಲುಪುವ ಮುಖ್ಯ ದಾರಿ ಬಯೋಸ್ ಅಪ್‌ಡೇಟ್. ಎಎಂಡಿ ಕಡೆ, ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳ ನಂತರ 2023ರಲ್ಲಿ ಎಸ್‌ಒಸಿ ವೋಲ್ಟೇಜಿಗೆ (ಪ್ರೊಸೆಸರಿನ ಮೆಮೊರಿ ನಿಯಂತ್ರಕದಂಥ ಭಾಗಗಳಿಗೆ ಹೋಗುವ ವೋಲ್ಟೇಜಿಗೆ) 1.3 ವೋಲ್ಟಿನ ಮಿತಿ ಹಾಕಲಾಯಿತು. ಎಎಂ5 (ಈ ಪ್ರೊಸೆಸರ್‌ಗಳು ಕೂರುವ ಸಾಕೆಟ್) ಬೋರ್ಡಿನಲ್ಲಿ ಅದಕ್ಕಿಂತ ಹಳೆಯ ಬಯೋಸ್ ಇದ್ದರೆ ಇಂದೇ ಬದಲಿಸಿ. ಇನ್ನೊಂದು ವಿಷಯ ಎಲ್ಲರಿಗೂ ಸಂಬಂಧಿಸಿದ್ದು: ಸಹಿ ಇಲ್ಲದ ತಂತ್ರಾಂಶದಿಂದ ಕಂಪ್ಯೂಟರ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್‌ಗೆ ಬಳಸುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. 2023ರ ಹೊಸ ಪ್ರಮಾಣಪತ್ರಗಳನ್ನು ವಿಂಡೋಸ್ ಅಪ್‌ಡೇಟ್ ಸೇರಿಸುತ್ತದೆ, ಆದರೆ ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ಬಯೋಸ್‌ನ ಸಹಕಾರವೂ ಬೇಕಾಗುತ್ತದೆ.

ಕೈ ಹಾಕುವ ಮುನ್ನ

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ಎಂಎಸ್‌ಇನ್ಫೋ32 (msinfo32) ಎಂದು ಟೈಪ್ ಮಾಡಿ. ತೆರೆಯುವ ಸಿಸ್ಟಮ್ ಇನ್ಫರ್ಮೇಷನ್ ಕಿಟಕಿಯಲ್ಲಿ ಮೂರು ಸಾಲು ಬರೆದುಕೊಳ್ಳಿ: ಬೇಸ್‌ಬೋರ್ಡ್ ಪ್ರಾಡಕ್ಟ್, ಬಯೋಸ್ ವರ್ಷನ್ ಮತ್ತು ದಿನಾಂಕ, ಬಯೋಸ್ ಮೋಡ್. ಬಯೋಸ್ ಮೋಡ್ ಎದುರಿಗೆ ಲೆಗಸಿ ಎಂದಿದ್ದರೆ ಸ್ವಲ್ಪ ನಿಲ್ಲಿ. ಅಪ್‌ಡೇಟ್ ಆದ ಮೇಲೆ ಸಿಎಸ್‌ಎಂ (ಹಳೆಯ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಆಗಿಬಿಟ್ಟರೆ ಎಂಬಿಆರ್ ಎಂಬ ಹಳೆಯ ವಿಭಜನಾ ವಿಧಾನದ ಡಿಸ್ಕ್‌ನಿಂದ ವಿಂಡೋಸ್ ಏಳುವುದಿಲ್ಲ. ಒಂದೋ ಮೊದಲೇ ವಿಂಡೋಸ್‌ನ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕನ್ನು ಹೊಸ ವಿಧಾನವಾದ ಜಿಪಿಟಿಗೆ ಬದಲಿಸಿ, ಇಲ್ಲವೇ ಅಪ್‌ಡೇಟ್ ನಂತರ ಸಿಎಸ್‌ಎಂ ಮತ್ತೆ ಆನ್ ಮಾಡಬೇಕೆಂದು ನೆನಪಿಟ್ಟುಕೊಳ್ಳಿ.

ಬೋರ್ಡಿನ ಹೆಸರು ಅಕ್ಷರಶಃ ಹೊಂದಬೇಕು. ಹೆಸರಿನ ಕೊನೆಯ ಒಂದು ಎಂ ಅಥವಾ ವೈಫೈ ಎಂಬ ಪದ ಬೇರೆಯಾದರೆ ಅದು ಬೇರೆ ಬೋರ್ಡ್, ಅದರ ಫೈಲೂ ಬೇರೆ. ಗಿಗಾಬೈಟ್ ಬೋರ್ಡ್‌ಗಳಲ್ಲಿ ರಿವಿಷನ್ ಸಂಖ್ಯೆಯೂ ಮುಖ್ಯ. ಬೋರ್ಡಿನ ಒಂದು ಮೂಲೆಯಲ್ಲಿ ರೆವ್ 1.0, 1.2 ಎಂದು ಅಚ್ಚಾಗಿರುತ್ತದೆ, ಅದು ಎಂಎಸ್‌ಇನ್ಫೋದಲ್ಲಿ ಕಾಣದೇ ಇರಬಹುದು. ಟಾರ್ಚ್ ಹಿಡಿದು ಕ್ಯಾಬಿನೆಟ್ ಒಳಗೆ ನೋಡುವುದೇ ಸರಿ. ಡೌನ್‌ಲೋಡ್ ಪುಟದಲ್ಲಿ ಪ್ರತಿ ಆವೃತ್ತಿಯ ಕೆಳಗಿನ ಟಿಪ್ಪಣಿಯನ್ನೂ ಓದಿ. ಮೊದಲು ಒಂದು ಮಧ್ಯದ ಆವೃತ್ತಿ ಹಾಕಿ ಎಂದೋ, ಇದಾದ ಮೇಲೆ ಹಳೆಯದಕ್ಕೆ ಮರಳಲಾಗದು ಎಂದೋ ಅಲ್ಲಿ ಬರೆದಿರುತ್ತದೆ.

ಬಯೋಸ್ ಒಳಗೆ ಹೋಗಿ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅಪ್‌ಡೇಟ್ ಎಲ್ಲ ಸೆಟ್ಟಿಂಗ್‌ಗಳನ್ನೂ ಅಳಿಸುತ್ತದೆ; ಸೇವ್ ಮಾಡಿಟ್ಟ ಪ್ರೊಫೈಲ್‌ಗಳು ಹೊಸ ಆವೃತ್ತಿಯಲ್ಲಿ ತೆರೆಯದಿರುವುದೂ ಉಂಟು. ಫೋಟೊ ಇದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಹಿಂದಿನಂತೆ ಆಗುತ್ತದೆ.

ಈಗ ಬಹುಜನ ಎಡವುವ ಜಾಗ: ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಗೂಢಲಿಪಿಯ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ವಿಂಡೋಸ್ 11ರಲ್ಲಿ ಅದರ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರಬಹುದು. ಡಿಸ್ಕಿನ ಬೀಗದ ಕೀಲಿ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿದ್ದು, ಬಯೋಸ್ ಅದೇ ಇದೆಯೇ ಎಂದು ಅಳೆದು ನೋಡಿಯೇ ಅದನ್ನು ಬಿಟ್ಟುಕೊಡುತ್ತದೆ. ಬಯೋಸ್ ಬದಲಾದರೆ ಅಳತೆ ತಪ್ಪಿ, 48 ಅಂಕಿಗಳ ರಿಕವರಿ ಕೀ ಕೇಳುವ ನೀಲಿ ಪರದೆ ಬರುತ್ತದೆ. ಆದ್ದರಿಂದ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕಂಟ್ರೋಲ್ ಪ್ಯಾನಲ್‌ನ ಬಿಟ್‌ಲಾಕರ್ ಪುಟದಲ್ಲಿ ಸಸ್ಪೆಂಡ್ ಪ್ರೊಟೆಕ್ಷನ್ ಒತ್ತಿ. ಇದು ಡಿಸ್ಕನ್ನು ಡಿಕ್ರಿಪ್ಟ್ ಮಾಡುವುದಿಲ್ಲ, ತಪಾಸಣೆಯನ್ನು ಮಾತ್ರ ತಡೆಹಿಡಿಯುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಬಟನ್ ಸಿಗದಿದ್ದರೆ ಡಿವೈಸ್ ಎನ್‌ಕ್ರಿಪ್ಷನ್ ಅನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಡಿಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಪಿನ್ ಮಾತ್ರ ನೆನಪಿದ್ದು ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಅದನ್ನೂ ಈಗಲೇ ಸರಿಮಾಡಿಕೊಳ್ಳಿ. ಟಿಪಿಎಂ ರೀಸೆಟ್ ಆದರೆ ಪಿನ್ ನಡೆಯುವುದಿಲ್ಲ.

ಬಯೋಸ್ ಬರೆಯುವ ಹೆಜ್ಜೆಗಳು

1. ಬಯೋಸ್‌ನಲ್ಲಿ ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಆರಿಸಿ ಓವರ್‌ಕ್ಲಾಕ್, ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ, ಎಕ್ಸ್‌ಪೋ ಪ್ರೊಫೈಲ್ ಎಲ್ಲ ತೆಗೆಯಿರಿ. ರ‍್ಯಾಮ್ ತಪ್ಪು ಮಾಡಿದರೆ ಚಿಪ್‌ಗೆ ಬರೆಯುವ ದತ್ತಾಂಶವೇ ಕೆಡಬಹುದು. ಸಿಎಸ್‌ಎಂ, ಆರ್‌ಎಸ್‌ಟಿ (ಇಂಟೆಲ್‌ನ ಡಿಸ್ಕ್ ನಿರ್ವಹಣಾ ವ್ಯವಸ್ಥೆ) ಬಳಸುವವರು ಆ ಎರಡನ್ನು ಮಾತ್ರ ಹಿಂದಿನಂತೆಯೇ ಬಿಡಿ.

2. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿ. ಜಿಪ್ ಫೈಲನ್ನು ಬಿಡಿಸಿ ಒಳಗಿನ ಬಯೋಸ್ ಫೈಲನ್ನು ಯಾವ ಫೋಲ್ಡರ್‌ಗೂ ಹಾಕದೆ ನೇರವಾಗಿ ಇಡಿ.

3. ಪೆನ್‌ಡ್ರೈವನ್ನು ಹಿಂಬದಿಯ, ಬೋರ್ಡಿಗೇ ಅಂಟಿದ ಯುಎಸ್‌ಬಿ ಪೋರ್ಟಿಗೆ ಹಾಕಿ ಬಯೋಸ್ ಒಳಗಿನ ಸಾಧನವನ್ನೇ ಬಳಸಿ: ಆಸುಸ್‌ನಲ್ಲಿ ಈಝಿ ಫ್ಲ್ಯಾಶ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಆಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್. ವಿಂಡೋಸ್ ಒಳಗಿಂದ ಬಯೋಸ್ ಬರೆಯುವ ತಂತ್ರಾಂಶ ಬೇಡ. ನಡುವೆ ಇನ್ನೊಂದು ಪ್ರೋಗ್ರಾಂ ಹ್ಯಾಂಗ್ ಆದರೂ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ.

4. ಯುಪಿಎಸ್ ಇದ್ದರೆ ಅದರ ಮೇಲೆಯೇ ಮಾಡಿ. ಬರೆಯುವಾಗ ಪರದೆ ಕಪ್ಪಾದರೂ, ಕಂಪ್ಯೂಟರ್ ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆದರೂ ಬಟನ್ ಮುಟ್ಟಬೇಡಿ.

ಇದಾದ ಮೇಲಿನ ಮೊದಲ ಬೂಟ್ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಬೋರ್ಡನ್ನು ಕೆಡಿಸಿಕೊಳ್ಳುವ ಅವಸರ ಇಲ್ಲಿಯೇ ಹುಟ್ಟುತ್ತದೆ. ಡಿಡಿಆರ್5 ರ‍್ಯಾಮ್ ಇರುವ ಬೋರ್ಡ್, ಮುಖ್ಯವಾಗಿ ಎಎಂ5, ಮೆಮೊರಿ ಟ್ರೇನಿಂಗ್ ಎಂಬ ಹೊಂದಾಣಿಕೆಯನ್ನು ಮೊದಲಿಂದ ಮಾಡುತ್ತದೆ. ಪ್ರತಿ ರ‍್ಯಾಮ್ ಕಡ್ಡಿಗೂ ಸಂಕೇತದ ಸಮಯ, ವೋಲ್ಟೇಜ್ ಅಳೆದು ಕೂರಿಸುವ ಕೆಲಸ ಅದು. ಆ ಹೊತ್ತು ಪರದೆ ಕಪ್ಪು, ಡಿರ‍್ಯಾಮ್ ದೀಪ ಹತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ಎರಡು ಕಡ್ಡಿಗೆ ಕೆಲವು ನಿಮಿಷ. ನಾಲ್ಕು ಕಡ್ಡಿ, ದೊಡ್ಡ ಸಾಮರ್ಥ್ಯ ಇದ್ದರೆ ಹತ್ತು ನಿಮಿಷ ದಾಟಬಹುದು. ಹದಿನೈದು ನಿಮಿಷದವರೆಗೆ ಸುಮ್ಮನೆ ಬಿಡಿ. ಎಕ್ಸ್‌ಪೋ ಆನ್ ಮಾಡಿದಾಗ ಇದು ಮತ್ತೊಮ್ಮೆ ನಡೆಯುತ್ತದೆ.

ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನ ಒಳಗೇ ಇರುವ ಟಿಪಿಎಂ) ರೀಸೆಟ್ ಮಾಡಲು ವೈ ಒತ್ತಿ, ಹಳೆಯ ದಾಖಲೆ ಉಳಿಸಲು ಎನ್ ಒತ್ತಿ ಎಂಬ ಸಂದೇಶ ಬರಬಹುದು. ರಿಕವರಿ ಕೀ ಕೈಯಲ್ಲಿದ್ದರೆ ವೈ. ಇಲ್ಲದಿದ್ದರೆ ಎನ್ ಒತ್ತಿ, ಬೇರೆ ಸಾಧನದಿಂದ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೀ ಪಡೆದ ಮೇಲೆಯೇ ಮುಂದುವರಿಯಿರಿ.

ನಂತರ ಫೋಟೊ ನೋಡಿ ಸೆಟ್ಟಿಂಗ್‌ಗಳನ್ನು ಮರಳಿಸಿ: ಫ್ಯಾನ್ ವೇಗ, ಬೂಟ್ ಕ್ರಮ, ಸೆಕ್ಯೂರ್ ಬೂಟ್, ವರ್ಚುಯಲೈಸೇಷನ್, ಅಬವ್ 4ಜಿ ಡಿಕೋಡಿಂಗ್, ರೀಸೈಜಬಲ್ ಬಾರ್. ರ‍್ಯಾಮ್ ಪ್ರೊಫೈಲನ್ನು ಮಾತ್ರ ಕೊನೆಗೆ, ಒಂದು ದಿನ ಬಿಟ್ಟು ಆನ್ ಮಾಡಿ. ಹಿಂದಿನ ಬಯೋಸ್‌ನಲ್ಲಿ ಸರಿಯಾಗಿದ್ದ ವೇಗ ಹೊಸದರಲ್ಲಿ ಅಸ್ಥಿರವಾಗುವುದು ಅಪರೂಪವೇನಲ್ಲ, ಮತ್ತು ಅಸ್ಥಿರ ರ‍್ಯಾಮ್ ಮೊದಲು ಕಾಣಿಸುವುದು ಆಟದ ಮಧ್ಯೆ, ಗ್ರಾಫಿಕ್ಸ್ ಡ್ರೈವರ್ ಕುಸಿದಂತೆ. ಮೆಮ್‌ಟೆಸ್ಟ್86 ಅನ್ನು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ದೋಷ ಬಂದರೂ ವೇಗ ಇಳಿಸಿ.

ಬಯೋಸ್ ಏಳದೇ ಹೋದರೆ

ಮೊದಲು ಸಿಎಂಒಎಸ್ (ಬಯೋಸ್ ಸೆಟ್ಟಿಂಗ್‌ಗಳನ್ನು ನೆನಪಿಡುವ ಭಾಗ) ತೆರವು. ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹೊರಹಾಕಿ. ಬೋರ್ಡಿನ ಮ್ಯಾನುಯಲ್ ತೋರಿಸುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ, ಅಥವಾ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರತೆಗೆದಿಡಿ.

ಅದಕ್ಕೂ ಬಗ್ಗದಿದ್ದರೆ ಬಯೋಸ್ ಫ್ಲ್ಯಾಶ್‌ಬ್ಯಾಕ್. ಈ ಬಟನ್ ಇರುವ ಬೋರ್ಡ್‌ನಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಯಾವುದೂ ಇಲ್ಲದೆ, ಬರೀ 24 ಪಿನ್ ಮತ್ತು 8 ಪಿನ್ ವಿದ್ಯುತ್ ಸಂಪರ್ಕದಿಂದಲೇ ಚಿಪ್ ಬರೆಯಬಹುದು. ಇಲ್ಲಿ ಫೈಲಿನ ಹೆಸರು ನಿಖರವಾಗಿರಬೇಕು. ಎಂಎಸ್‌ಐ ಬೋರ್ಡಿಗೆ ಎಂ-ಎಸ್-ಐ ಚುಕ್ಕಿ ಆರ್-ಓ-ಎಂ. ಗಿಗಾಬೈಟ್‌ಗೆ ಕಂಪನಿಯ ಹೆಸರೇ, ಚುಕ್ಕಿ ಬಿ-ಐ-ಎನ್. ಆಸ್‌ರಾಕ್‌ಗೆ ಕ್ರಿಯೇಟಿವ್ ಎಂಬ ಪದ, ಚುಕ್ಕಿ ಆರ್-ಓ-ಎಂ. ಆಸುಸ್‌ಗೆ ಜಿಪ್ ಒಳಗೇ ಇರುವ ಬಯೋಸ್ ರಿನೇಮರ್ ಓಡಿಸಿದರೆ ಸಾಕು. ವಿಂಡೋಸ್ ತನಗೆ ಪರಿಚಿತವಾದ ಫೈಲುಗಳ ಎಕ್ಸ್‌ಟೆನ್ಷನ್ (ಹೆಸರಿನಲ್ಲಿ ಚುಕ್ಕಿಯ ನಂತರದ ಬಾಲ) ಮರೆಮಾಚುವುದರಿಂದ ಹೆಸರು ಬದಲಿಸಿದರೂ ಹಳೆಯ ಬಾಲ ಹಾಗೇ ಉಳಿದಿರಬಹುದು. ಗಿಗಾಬೈಟ್ ಫೈಲುಗಳಲ್ಲಿ ಎಫ್21 ಎಂಬಂಥ ಆವೃತ್ತಿ ಸಂಖ್ಯೆಯೇ ಎಕ್ಸ್‌ಟೆನ್ಷನ್ ಆಗಿರುತ್ತದೆ, ಅದನ್ನೂ ಬದಲಿಸಬೇಕು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಹಾಕಿಕೊಂಡೇ ಹೆಸರು ಬದಲಿಸಿ.

ಪೆನ್‌ಡ್ರೈವನ್ನು ಗುರುತು ಹಾಕಿದ ಪೋರ್ಟಿಗೇ ಹಾಕಿ ಬಟನ್ ಒತ್ತಿ. ದೀಪ ಮಿಟುಕುತ್ತಿದ್ದರೆ ಬರೆಯುತ್ತಿದೆ, ಆರಿದರೆ ಮುಗಿದಿದೆ. ಆಸುಸ್ ಬೋರ್ಡಿನಲ್ಲಿ ಐದು ಸೆಕೆಂಡ್ ಮಿಟುಕಿ ಸ್ಥಿರವಾಗಿ ಉರಿದರೆ ಫೈಲನ್ನು ಓದಲಾಗಲಿಲ್ಲ ಎಂದರ್ಥ: ಹೆಸರು, ಎಫ್‌ಎಟಿ32, ಪೋರ್ಟ್ ಮೂರನ್ನೂ ಮತ್ತೆ ನೋಡಿ, ಬೇರೆ ಪೆನ್‌ಡ್ರೈವ್ ಹಾಕಿ ನೋಡಿ.

ಪರದೆ ಯಾವ ಘಟ್ಟದಲ್ಲಿ ಕಪ್ಪಾಯಿತು?

ತೊಂದರೆ ಹುಡುಕುವಾಗ ಇದಕ್ಕಿಂತ ಉಪಯುಕ್ತ ಪ್ರಶ್ನೆ ಬೇರೆ ಇಲ್ಲ. ಲೋಗೋ ಬರುವ ಮೊದಲೇ ಕಪ್ಪಾಗಿದ್ದರೆ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ, ಏಕೆಂದರೆ ಡ್ರೈವರ್ ಇನ್ನೂ ಲೋಡ್ ಆಗಿಯೇ ಇಲ್ಲ. ಲೋಗೋ ಬಂದು, ಸುತ್ತುವ ಚುಕ್ಕೆಗಳು ಬಂದು, ಲಾಗಿನ್ ಹೊತ್ತಿಗೆ ಕಪ್ಪಾದರೆ ಡ್ರೈವರನ್ನೇ ಮೊದಲು ಶಂಕಿಸಿ. ಡೆಸ್ಕ್‌ಟಾಪ್ ಚೆನ್ನಾಗಿದ್ದು ಭಾರ ಬಿದ್ದಾಗ ಮಾತ್ರ ಕಪ್ಪಾದರೆ ವಿದ್ಯುತ್, ರ‍್ಯಾಮ್, ಡ್ರೈವರ್, ಕಾರ್ಡ್ ನಾಲ್ಕೂ ಸಂದೇಹದಲ್ಲಿವೆ.

ಲೋಗೋಗೂ ಮೊದಲಿನ ಕತ್ತಲೆಗೆ ಬೋರ್ಡಿನ ಸಣ್ಣ ದೀಪಗಳನ್ನು ನೋಡಿ. ವಿಜಿಎ ಎಂದು ಬರೆದ ದೀಪ ಹತ್ತಿದ್ದರೆ ಮೊದಲು ಮಾನಿಟರ್ ಕೇಬಲ್ ಬೋರ್ಡಿನ ಪೋರ್ಟಿಗಲ್ಲದೆ ಕಾರ್ಡಿನ ಪೋರ್ಟಿಗೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಡಿಸ್‌ಪ್ಲೇಪೋರ್ಟ್ ಬದಲು ಎಚ್‌ಡಿಎಂಐ ಹಾಕಿ, ಒಂದೇ ಮಾನಿಟರ್ ಇಟ್ಟು, ಅದರ ಪ್ಲಗ್ ಒಮ್ಮೆ ಕಿತ್ತು ಹಾಕಿ. ಆಮೇಲೂ ಬೆಳಕಿಲ್ಲದಿದ್ದರೆ ಬಯೋಸ್ ಅಪ್‌ಡೇಟ್ ನಂತರ ಎರಡು ಕಾರಣ ಸಾಮಾನ್ಯ.

ಒಂದು, ಸಿಎಸ್‌ಎಂ. ತುಂಬ ಹಳೆಯ ಕಾರ್ಡ್‌ಗಳಲ್ಲಿ ಯುಇಎಫ್‌ಐಗೆ (ಬಯೋಸ್‌ನ ಇಂದಿನ ರೂಪ) ಬೇಕಾದ ಜಿಒಪಿ ಎಂಬ ಭಾಗ ಇರುವುದಿಲ್ಲ, ಸಿಎಸ್‌ಎಂ ಆಫ್ ಆದೊಡನೆ ಅವು ಚಿತ್ರ ತೋರಿಸುವುದನ್ನೇ ನಿಲ್ಲಿಸುತ್ತವೆ. ಎರಡು, ರೈಸರ್ ಕೇಬಲ್. ಕಾರ್ಡನ್ನು ನೇರವಾಗಿ ನಿಲ್ಲಿಸಲು ಜೆನ್ 3 (ಪಿಸಿಐಇಯ ಮೂರನೇ ತಲೆಮಾರಿನ ವೇಗ) ದರ್ಜೆಯ ರೈಸರ್ ಹಾಕಿದ್ದವರು ಸ್ಲಾಟ್ ವೇಗವನ್ನು ಕೈಯಾರೆ ಜೆನ್ 3ಕ್ಕೆ ಇಳಿಸಿರುತ್ತಾರೆ. ಅಪ್‌ಡೇಟ್ ಅದನ್ನು ಮತ್ತೆ ಆಟೋಗೆ ತಂದಾಗ ಕಾರ್ಡ್ ಜೆನ್ 4ರಲ್ಲಿ ಮಾತಾಡಲು ಹೋಗಿ ಸಂಪರ್ಕ ಮುರಿಯುತ್ತದೆ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು, ಮಾನಿಟರನ್ನು ಬೋರ್ಡಿಗೆ ಹಾಕಿ, ಸೆಟ್ಟಿಂಗ್ ಸರಿಪಡಿಸಿ. ಇಲ್ಲದಿದ್ದರೆ ರೈಸರ್ ಬಿಟ್ಟು ಕಾರ್ಡನ್ನು ನೇರ ಸ್ಲಾಟಿಗೆ ಕೂರಿಸಿ.

ಇನ್ನು ಕೆಲವು ಕಾರ್ಡ್‌ಗಳಲ್ಲಿ ತಪ್ಪು ಕಾರ್ಡಿನದೇ ಫರ್ಮ್‌ವೇರ್‌ನಲ್ಲಿರುತ್ತದೆ. ಎನ್‌ವಿಡಿಯಾದ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ತಲೆಮಾರಿನ ಕಾರ್ಡ್‌ಗಳು ಡಿಸ್‌ಪ್ಲೇಪೋರ್ಟ್ 1.3, 1.4 ಮಾನಿಟರ್‌ಗಳಲ್ಲಿ ವಿಂಡೋಸ್ ಬರುವವರೆಗೆ ಕಪ್ಪು ಪರದೆ ತೋರಿಸುತ್ತಿದ್ದವು. ಅದಕ್ಕೆ ಎನ್‌ವಿಡಿಯಾ ಪ್ರತ್ಯೇಕ ಅಪ್‌ಡೇಟ್ ಸಾಧನ ಕೊಟ್ಟಿದೆ. ಆರ್‌ಟಿಎಕ್ಸ್ 3060 ಟಿಐ, 3070, 3080, 3090ರ ಮೊದಮೊದಲ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ ಬೇಕಾದರೂ ಕಾರ್ಡಿನ ವಿಬಯೋಸ್ (ಕಾರ್ಡಿನ ಫರ್ಮ್‌ವೇರ್) ಅಪ್‌ಡೇಟ್ ಬೇಕು. ಇಂಥವನ್ನು ಚಿಪ್ ಅಥವಾ ಕಾರ್ಡ್ ತಯಾರಿಸಿದ ಕಂಪನಿಯ ಪುಟದಿಂದಲೇ ತೆಗೆದುಕೊಳ್ಳಿ. ಅದೇ ಹೆಸರಿನ ಬೇರೆ ಕಂಪನಿ ಕಾರ್ಡಿನ ವಿಬಯೋಸ್ ಬರೆಯುವುದು ಕಾರ್ಡನ್ನು ಕಳೆದುಕೊಳ್ಳುವ ನೇರ ದಾರಿ. ಮೆಮೊರಿ ಚಿಪ್, ವಿದ್ಯುತ್ ಮಿತಿ, ಫ್ಯಾನ್ ಎಲ್ಲವೂ ಬೇರೆ ಇರುತ್ತವೆ.

ಲೋಗೋ ಬಂದು ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಂದೇಶ, ಅಥವಾ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬಂದರೆ ವಿಂಡೋಸ್ ಮತ್ತೆ ಹಾಕಲು ಓಡಬೇಡಿ. ಇಂಟೆಲ್ ಬೋರ್ಡ್‌ನಲ್ಲಿ ವಿಎಂಡಿ, ಎಎಂಡಿ ಬೋರ್ಡ್‌ನಲ್ಲಿ ರೇಡ್ ಮೋಡ್ (ಎರಡೂ ಬಯೋಸ್‌ನ ಡಿಸ್ಕ್ ಸೆಟ್ಟಿಂಗ್‌ಗಳು) ಮೊದಲು ಹೇಗಿತ್ತೋ ಹಾಗೆ ಮಾಡಿದರೆ ಹೆಚ್ಚಿನವು ಅಲ್ಲಿಗೇ ಸರಿಹೋಗುತ್ತವೆ.

ಗ್ರಾಫಿಕ್ಸ್ ಡ್ರೈವರ್: ಬದಲಿಸುವುದು, ಮರಳುವುದು

ಹೊಸ ಡ್ರೈವರಿನ ಜೊತೆ ಈಗ ಸರಿಯಾಗಿ ನಡೆಯುತ್ತಿರುವ ಹಳೆಯದರ ಇನ್‌ಸ್ಟಾಲರ್ ಕೂಡ ಡಿಸ್ಕಿನಲ್ಲಿರಲಿ. ಈಗಿನ ಆವೃತ್ತಿ ತಿಳಿಯಲು ಡಿವೈಸ್ ಮ್ಯಾನೇಜರ್ ತೆರೆದರೆ 32.0.15.6094 ಎಂಬಂಥ ಸಂಖ್ಯೆ ಕಾಣುತ್ತದೆ. ಎನ್‌ವಿಡಿಯಾದಲ್ಲಿ ಕೊನೆಯ ಐದು ಅಂಕಿಯೇ ನಿಜವಾದ ಆವೃತ್ತಿ: ಇದು 560.94. ಆಟಕ್ಕಿಂತ ವಿಡಿಯೋ ಎಡಿಟಿಂಗ್, 3ಡಿ ಕೆಲಸ ಹೆಚ್ಚಿದ್ದರೆ ಗೇಮ್ ರೆಡಿ ಬದಲು ಸ್ಟುಡಿಯೋ ಡ್ರೈವರ್ ಆರಿಸಿ. ಎಎಂಡಿಯಲ್ಲಿ ರೆಕಮೆಂಡೆಡ್ ಎಂದಿರುವುದು ನೆಮ್ಮದಿಯದು. ಆಪ್ಷನಲ್ ಹೊಸ ಆಟಕ್ಕೆ ಅಗತ್ಯವಿದ್ದರೆ ಮಾತ್ರ.

ನಿಮ್ಮ ಕಾರ್ಡಿಗೆ ಹೊಸ ಡ್ರೈವರ್ ಇನ್ನೂ ಬರುತ್ತಿದೆಯೇ ಎಂದೂ ನೋಡಿ. ಜಿಟಿಎಕ್ಸ್ 900 ಮತ್ತು 1000 ಸರಣಿಗೆ 580 ಶಾಖೆಯೇ ಕೊನೆಯದು. 2025ರ ಅಕ್ಟೋಬರ್ ನಂತರ ಅವಕ್ಕೆ ಭದ್ರತಾ ತಿದ್ದುಪಡಿ ಮಾತ್ರ, ಅದೂ 2028ರ ಅಕ್ಟೋಬರ್‌ವರೆಗೆ. 590 ಶಾಖೆಯ ಇನ್‌ಸ್ಟಾಲರ್ ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ ಎಂದರೆ ಕಾರ್ಡ್ ಕೆಟ್ಟಿಲ್ಲ. 580ರ ಕೊನೆಯ ಆವೃತ್ತಿ ಹಾಕಿ.

ಎಂದಿನ ಅಪ್‌ಡೇಟ್‌ಗೆ ಇನ್‌ಸ್ಟಾಲರ್‌ನ ಸಾಮಾನ್ಯ ಆಯ್ಕೆಯೇ ಸಾಕು. ತೊಂದರೆ ಬಂದಾಗ ಎನ್‌ವಿಡಿಯಾದ ಕಸ್ಟಮ್ ಆಯ್ಕೆಯಲ್ಲಿರುವ ಕ್ಲೀನ್ ಇನ್‌ಸ್ಟಾಲೇಷನ್, ಎಎಂಡಿಯ ಫ್ಯಾಕ್ಟರಿ ರೀಸೆಟ್ ಬಳಸಿ. ಅದೂ ಸಾಲದಿದ್ದರೆ, ಅಥವಾ ಒಂದು ಕಂಪನಿಯ ಕಾರ್ಡ್ ತೆಗೆದು ಇನ್ನೊಂದರದು ಹಾಕಿದ್ದರೆ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಎಲ್ಲರೂ ಡಿಡಿಯು ಎಂದು ಕರೆಯುವುದು ಇದನ್ನೇ. ಪ್ರತಿ ಅಪ್‌ಡೇಟಿಗೂ ಇದನ್ನು ಓಡಿಸುವ ಅಭ್ಯಾಸ ಅನಗತ್ಯ. ಬೇಕಾದಾಗ ಹೀಗೆ ಮಾಡಿ:

1. ಡ್ರೈವರ್, ಡಿಡಿಯು ಎರಡನ್ನೂ ಡೌನ್‌ಲೋಡ್ ಮಾಡಿ ಇಂಟರ್‌ನೆಟ್ ಕಡಿಯಿರಿ. ಇಲ್ಲದಿದ್ದರೆ ಹಳೆಯದನ್ನು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯಿರುವ ಡ್ರೈವರನ್ನು ತಂದು ಕೂರಿಸುತ್ತದೆ.

2. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ 48 ಅಂಕಿ ಕೇಳಬಹುದು.

3. ಡಿಡಿಯುನಲ್ಲಿ ಜಿಪಿಯು ಮತ್ತು ಕಂಪನಿ ಆರಿಸಿ ಕ್ಲೀನ್ ಆ್ಯಂಡ್ ರೀಸ್ಟಾರ್ಟ್ ಒತ್ತಿ. ಕಾರ್ಡ್ ಬದಲಿಸುವವರು ಕ್ಲೀನ್ ಆ್ಯಂಡ್ ಶಟ್‌ಡೌನ್.

4. ಸಾಮಾನ್ಯ ಮೋಡ್‌ನಲ್ಲಿ ಹೊಸ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ, ನಂತರವೇ ಇಂಟರ್‌ನೆಟ್ ಜೋಡಿಸಿ.

ಅನುಸ್ಥಾಪನೆಯ ನಡುವೆ ಪರದೆ ಕಪ್ಪಾಗಿ ನಿಂತರೆ ಐದು ನಿಮಿಷ ಕಾಯಿರಿ, ನಂತರ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮರುಚಾಲನೆಯಾಗುತ್ತದೆ. ಹೊಸ ಡ್ರೈವರ್ ಹಾಕಿದ ಮೊದಲ ಸಲ ಆಟಗಳು ಸ್ವಲ್ಪ ಹೊತ್ತು ತಡವರಿಸುವುದು ದೋಷವಲ್ಲ. ಶೇಡರ್‌ಗಳನ್ನು (ದೃಶ್ಯ ಬಿಡಿಸುವ ಚಿಕ್ಕ ಪ್ರೋಗ್ರಾಂಗಳನ್ನು) ಹೊಸದಾಗಿ ಕಂಪೈಲ್ ಮಾಡಿಕೊಳ್ಳುತ್ತಿರುತ್ತದೆ. ಎಎಂಡಿ ಸಾಫ್ಟ್‌ವೇರ್ ತೆರೆಯದೆ ಆವೃತ್ತಿ ಹೊಂದುವುದಿಲ್ಲ ಎಂದರೆ ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ಡ್ರೈವರ್ ಬದಲಿಸಿದೆ. ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್‌ನಲ್ಲಿ ನೋ ಆರಿಸಿ, ಡಿಡಿಯು ಹೆಜ್ಜೆಗಳನ್ನು ಮತ್ತೆ ಮಾಡಿ.

ಹಿಂದಿರುಗಲು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದು ಡ್ರೈವರ್ ಪುಟದ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಆ ಬಟನ್ ಮಂಕಾಗಿದ್ದರೆ, ಇಟ್ಟುಕೊಂಡ ಹಳೆಯ ಇನ್‌ಸ್ಟಾಲರ್ ಈಗ ಕೆಲಸಕ್ಕೆ ಬರುತ್ತದೆ.

ದೋಷದ ಸಂಕೇತಗಳನ್ನು ಓದುವುದು

ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 12 ಎಂದರೆ ಕಾರ್ಡಿಗೆ ವಿಳಾಸದ ಜಾಗ ಸಾಲುತ್ತಿಲ್ಲ. ಬಯೋಸ್‌ನಲ್ಲಿ ಅಬವ್ 4ಜಿ ಡಿಕೋಡಿಂಗ್ ಆನ್ ಮಾಡಿ. ಕೋಡ್ 31 ಸಾಮಾನ್ಯವಾಗಿ ಡ್ರೈವರ್ ಸರಿಯಾಗಿ ಲೋಡ್ ಆಗದ್ದು. ಕೋಡ್ 43 ಎಂದರೆ ಕಾರ್ಡೇ ತನಗೆ ತೊಂದರೆ ಎಂದು ಹೇಳಿಕೊಂಡಿದೆ. ಸ್ವಚ್ಛವಾಗಿ ಡ್ರೈವರ್ ಹಾಕಿ, ಬೇರೆ ಸ್ಲಾಟಿನಲ್ಲಿಟ್ಟ ಮೇಲೂ ಅದೇ ಬಂದರೆ ಕಾರ್ಡಿನ ಮೇಲೆ ಅನುಮಾನ ಗಟ್ಟಿ.

ಆಟದ ಮಧ್ಯೆ ಪರದೆ ಕ್ಷಣಕಾಲ ಕಪ್ಪಾಗಿ ಮರಳಿದರೆ ಇವೆಂಟ್ ವ್ಯೂವರ್‌ನ ವಿಂಡೋಸ್ ಲಾಗ್ಸ್, ಸಿಸ್ಟಮ್ ಪುಟ ನೋಡಿ. ಇವೆಂಟ್ 4101 ಇದ್ದರೆ ಕಾರ್ಡ್ ನಿಗದಿತ ಹೊತ್ತಿನಲ್ಲಿ ಉತ್ತರಿಸಲಿಲ್ಲ, ವಿಂಡೋಸ್ ಡ್ರೈವರನ್ನು ಎಬ್ಬಿಸಿತು ಎಂದರ್ಥ. ಆ ಅವಧಿ ಮೂಲತಃ 2 ಸೆಕೆಂಡ್. ರಿಜಿಸ್ಟ್ರಿಯಲ್ಲಿ ಅದನ್ನು ಹೆಚ್ಚಿಸಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದೀರ್ಘ ರೆಂಡರಿಂಗ್‌ಗೆ ಅದು ಸರಿ. ಆಟ ಕುಸಿಯುವುದಕ್ಕೆ ಪರಿಹಾರವಲ್ಲ, ಹ್ಯಾಂಗ್ ಆಗಿ ನಿಲ್ಲುವ ಹೊತ್ತು ಉದ್ದವಾಗುತ್ತದೆ ಅಷ್ಟೆ.

ಅದೇ ಪುಟದಲ್ಲಿ ಡಬ್ಲ್ಯೂಎಚ್‌ಇಎ ಲಾಗರ್ ಹೆಸರಿನ ಸಾಲುಗಳಿದ್ದರೆ ಡ್ರೈವರ್ ಬಿಟ್ಟು ಹಾರ್ಡ್‌ವೇರ್ ಕಡೆ ತಿರುಗಿ. ಇವೆಂಟ್ 17 ಮತ್ತು ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್ ಎಂದಿದ್ದರೆ ಸ್ಲಾಟ್, ರೈಸರ್ ಅಥವಾ ಕಾರ್ಡಿನ ಸಂಪರ್ಕ; ಕಾರ್ಡ್ ತೆಗೆದು ಮತ್ತೆ ಕೂರಿಸಿ, ಸ್ಲಾಟನ್ನು ಒಂದು ಜೆನ್ ಕೆಳಗಿಳಿಸಿ ನೋಡಿ. ಇವೆಂಟ್ 18 ಬಂದರೆ ಪ್ರೊಸೆಸರ್, ಅದರ ವೋಲ್ಟೇಜ್, ರ‍್ಯಾಮ್ ಪ್ರೊಫೈಲ್ ಶಂಕಿಸಿ. ಯಾವ ದೋಷವೂ ದಾಖಲಾಗದೆ ಕರ್ನಲ್ ಪವರ್ 41 ಮಾತ್ರ ಇದ್ದು ಯಂತ್ರ ದಿಢೀರ್ ಆರಿದ್ದರೆ ವಿದ್ಯುತ್ ನೋಡಿ. ಸ್ಲಾಟ್ 75 ವಾಟ್, 6 ಪಿನ್ 75 ವಾಟ್, 8 ಪಿನ್ 150 ವಾಟ್ ಕೊಡಲು ರೂಪಿಸಿದ್ದು. ಎರಡು 8 ಪಿನ್ ಕೇಳುವ ಕಾರ್ಡಿಗೆ ಒಂದೇ ಕೇಬಲಿನ ಎರಡು ಕವಲು ಹಾಕದೆ ಪ್ರತ್ಯೇಕ ಎರಡು ಕೇಬಲ್ ಹಾಕಿ. 16 ಪಿನ್ ಕನೆಕ್ಟರ್ ಇದ್ದರೆ ಸಂದಿ ಕಾಣದಷ್ಟು ಒಳಕ್ಕೆ ಒತ್ತಿರಬೇಕು.

ಅತಿ ಹೆಚ್ಚು ದಾರಿ ತಪ್ಪಿಸುವ ಸಂದೇಶ ಇನ್ನೊಂದಿದೆ. ಅನ್‌ರಿಯಲ್ ಎಂಜಿನ್ ಆಟಗಳು ಶೇಡರ್ ತಯಾರಿಸುವಾಗ ವಿಡಿಯೋ ಮೆಮೊರಿ ಮುಗಿಯಿತು ಎಂದು ನಿಲ್ಲುತ್ತವೆ, ಕಾರ್ಡಿನಲ್ಲಿ 12, 16 ಜಿಬಿ ಖಾಲಿ ಇದ್ದರೂ. ಇಂಟೆಲ್ 13, 14ನೇ ತಲೆಮಾರಿನ ಯಂತ್ರದಲ್ಲಿ ಈ ಸಂದೇಶ ಬಂದರೆ ಗ್ರಾಫಿಕ್ಸ್ ಡ್ರೈವರನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಶೇಡರ್ ದತ್ತಾಂಶವನ್ನು ಬಿಡಿಸುವ ಕೆಲಸ ಪ್ರೊಸೆಸರಿನದು. ಶಿಥಿಲವಾದ ಪ್ರೊಸೆಸರ್ ಅಲ್ಲಿ ಲೆಕ್ಕ ತಪ್ಪಿದಾಗ ಬೈಗುಳ ಕಾರ್ಡಿನ ತಲೆಗೆ ಬರುತ್ತದೆ. ಹೊಸ ಮೈಕ್ರೋಕೋಡ್ ಇರುವ ಬಯೋಸ್ ಹಾಕಿ, ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್ ಆರಿಸಿ. ಆದರೂ ಬರುತ್ತಿದ್ದರೆ ಹಾನಿ ಆಗಿಹೋಗಿದೆ. ಮೈಕ್ರೋಕೋಡ್ ಅದನ್ನು ಸರಿಪಡಿಸುವುದಿಲ್ಲ. ಈ ಪ್ರೊಸೆಸರ್‌ಗಳ ವಾರಂಟಿಯನ್ನು ಇಂಟೆಲ್ ಎರಡು ವರ್ಷ ಹೆಚ್ಚಿಸಿದೆ, ಅದನ್ನು ಬಳಸಿಕೊಳ್ಳಿ.

ಲಿನಕ್ಸ್ ಬಳಸುವವರಿಗೆ

ಎಎಂಡಿ, ಇಂಟೆಲ್ ಕಾರ್ಡ್‌ಗಳ ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಮೆಸಾ (ಗ್ರಾಫಿಕ್ಸ್ ಲೈಬ್ರರಿ) ಜೊತೆಗೇ ಬರುವುದರಿಂದ ಪ್ರತ್ಯೇಕ ಕೆಲಸವಿಲ್ಲ. ಎನ್‌ವಿಡಿಯಾದಲ್ಲಿ ಕರ್ನಲ್ ಬದಲಾದಾಗ ಡಿಕೆಎಂಎಸ್ ಎಂಬ ಸಾಧನ ಡ್ರೈವರ್ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಬಯೋಸ್ ಅಪ್‌ಡೇಟ್ ಸೆಕ್ಯೂರ್ ಬೂಟ್ ಅನ್ನು ಮತ್ತೆ ಆನ್ ಮಾಡಿದ್ದರೆ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಆಗ ಮಾಡ್ಯೂಲಿಗೆ ಸಹಿ ಹಾಕುವ ಎಂಒಕೆ ಕೀಯನ್ನು ಮತ್ತೆ ನೋಂದಾಯಿಸಿ. ಪರದೆಯೇ ಬರದಿದ್ದರೆ ಬೂಟ್ ಸಾಲಿಗೆ ನೋಮೋಡ್‌ಸೆಟ್ (nomodeset) ಸೇರಿಸಿ ಒಳಗೆ ಹೋಗಿ.

ಇಷ್ಟೆಲ್ಲ ಆದ ಮೇಲೂ

ಕಾರ್ಡನ್ನು ಇನ್ನೊಂದು ಕಂಪ್ಯೂಟರಿಗೆ, ಇನ್ನೊಂದು ಕಾರ್ಡನ್ನು ನಿಮ್ಮ ಕಂಪ್ಯೂಟರಿಗೆ ಹಾಕಿ ನೋಡಿ. ತೊಂದರೆ ಕಾರ್ಡಿನ ಹಿಂದೆ ಹೋಯಿತೋ, ಇಲ್ಲೇ ಉಳಿಯಿತೋ ಎಂಬುದು ಯಾವ ತಂತ್ರಾಂಶಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ವಾರಂಟಿಗೆ ಕಳಿಸುವಾಗ ಬೋರ್ಡಿನ ಹೆಸರು ಮತ್ತು ರಿವಿಷನ್, ಬಯೋಸ್ ಆವೃತ್ತಿ, ತೊಂದರೆ ಕೊಟ್ಟ ಡ್ರೈವರ್ ಮತ್ತು ಸರಿಯಾಗಿದ್ದ ಕೊನೆಯ ಡ್ರೈವರ್, ಇವೆಂಟ್ ಸಂಖ್ಯೆಗಳು, ಪರದೆ ಕಪ್ಪಾದ ಘಟ್ಟ, ಕಾರ್ಡ್ ಅದಲುಬದಲು ಮಾಡಿದಾಗ ಆದದ್ದು, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಜೊತೆಗಿಡಿ. ಡ್ರೈವರ್ ಬದಲಿಸಿ ನೋಡಿ ಎಂಬ ಮೊದಲ ಉತ್ತರ ಅಲ್ಲಿಗೇ ತಪ್ಪುತ್ತದೆ.